ಕಾವೇರಿ ಕೊಳ್ಳದ ಹಕ್ಕಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾವೇರಿ ಕೊಳ್ಳ ಅಂದರೆ ಎಲ್ಲಿಂದ ಎಲ್ಲಿಯವರೆಗೆ?

ತಲಕಾವೇರಿಯಿಂದ ಪೂಂಪುಹಾರದ ಕಡಲಿನವರೆಗೆ ಹೊಳೆಯ ಉದ್ದ ಸುಮಾರು 800 ಕಿ.ಮೀ. ಆದರೆ ಕೊಳ್ಳ ಎಂದಾಗ ಹೊಳೆಯೊಂದನ್ನೇ ಲೆಕ್ಕ ಹಿಡಿಯುವುದಿಲ್ಲ. ಬಿದ್ದ ಮಳೆ ಬಸಿದು ಕಾವೇರಿ ಸೇರುವ ಅಷ್ಟೂ ನೆಲ ಅದರದೇ. ಒಟ್ಟು 81,155 ಚದರ ಕಿ.ಮೀ.; ಅದರಲ್ಲಿ 34,000ಕ್ಕೂ ಹೆಚ್ಚು ಕರ್ನಾಟಕದ್ದು. ಹಾರಂಗಿ, ಹೇಮಾವತಿ, ಲಕ್ಷ್ಮಣತೀರ್ಥ, ವಯನಾಡಿನಿಂದ ಇಳಿದು ಬರುವ ಕಬಿನಿ, ಶಿಂಷಾ, ಸುವರ್ಣಾವತಿ, ಅರ್ಕಾವತಿ ಎಲ್ಲವೂ ಇದರೊಳಗೆ ಬರುತ್ತವೆ. ಬೆಂಗಳೂರಿನ ಪಶ್ಚಿಮ ಭಾಗದ ಚರಂಡಿ ನೀರು ಕೂಡ ವೃಷಭಾವತಿಯಿಂದ ಅರ್ಕಾವತಿಗೆ ಹರಿದು, ಸಂಗಮದಲ್ಲಿ ಕಾವೇರಿಗೇ ಬಂದು ಬೀಳುತ್ತದೆ. ಹಕ್ಕಿಗಳ ಮಾತಾಡುವಾಗ ಇದನ್ನು ಮರೆಯುವಂತಿಲ್ಲ.

ಒಂದೇ ಹೊಳೆಯ ನೆಲದಲ್ಲಿ ಇಷ್ಟು ಬಗೆಯ ಹಕ್ಕಿಗಳು ಹೇಗೆ?

ನೆಲ ಒಂದೇ ಥರ ಇಲ್ಲವಲ್ಲ. ಕೊಡಗಿನ ಮಳೆಕಾಡಿನಲ್ಲಿ ಮಂಗಟ್ಟೆಗಳಿವೆ (ಹಾರ್ನ್‌ಬಿಲ್); ಅವಕ್ಕೆ ಪೊಟರೆಯಿರುವ ಹಳೆಯ ಮರವೇ ಬೇಕು. ಅಲ್ಲಿಂದ ನೂರು ಕಿ.ಮೀ. ಪೂರ್ವಕ್ಕೆ ಬಂದರೆ ಗದ್ದೆ ಬಯಲು, ಕೆರೆ, ನಾಲೆ. ಇನ್ನೂ ಮುಂದೆ ಶಿವನಸಮುದ್ರದಿಂದ ಕೆಳಗೆ ಹೊಳೆ ಕುರುಚಲು ಬೆಟ್ಟಗಳ ನಡುವೆ ಇಕ್ಕಟ್ಟಾಗಿ ಹರಿಯುತ್ತದೆ. ಭೀಮೇಶ್ವರಿ, ಗಾಳಿಬೋರೆ ಕಡೆಯ ಆ ದಡದಲ್ಲಿ ದೊಡ್ಡ ಹೊಳೆಮತ್ತಿ ಮರಗಳ ಮೇಲೆ ಸಣ್ಣ ಮೀನುಹದ್ದು ಕೂರುತ್ತದೆ. ತಿಳಿಯಾಗಿ ಹರಿಯುವ ನೀರು, ಅದರ ಮೇಲಕ್ಕೆ ಚಾಚಿದ ಕೊಂಬೆ, ಎರಡೂ ಇದ್ದರೆ ಮಾತ್ರ ಅದಕ್ಕೆ ಬೇಟೆ. ಕೊನೆಗೆ ತಮಿಳುನಾಡಿನ ಮುಖಜಭೂಮಿ: ವಡುವೂರಿನಂಥ ಕೆರೆಗಳು, ಕೋಡಿಯಕ್ಕರೈಯ ಉಪ್ಪುನೀರಿನ ಬಯಲು, ಅಲ್ಲಿನ ರಾಜಹಂಸಗಳು. ಮೆಟ್ಟೂರಿನಿಂದ ಬಿಟ್ಟ ನೀರೇ ನಾಲೆಗಳ ಮೂಲಕ ಆ ಕೆರೆಗಳನ್ನು ಮುಟ್ಟುತ್ತದೆ.

ರಂಗನತಿಟ್ಟು ಇದೆಯಲ್ಲ, ಅದನ್ನು ಕಾಪಾಡಿದರೆ ಸಾಲದೇ?

ಸಾಲದು. ಈ ಪುಟದಲ್ಲಿ ಒಂದೇ ಉತ್ತರ ಓದುವವರು ಇದನ್ನು ಓದಲಿ.

ರಂಗನತಿಟ್ಟಿನ ನಡುಗಡ್ಡೆಗಳು ಪೂರ್ತಿ ಪ್ರಕೃತಿಯ ಕೊಡುಗೆಯಲ್ಲ. 1645ರಿಂದ 1648ರ ನಡುವೆ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟೆ ಕಟ್ಟಿದಾಗ ಆ ತಿಟ್ಟುಗಳು ರೂಪುಗೊಂಡವು. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಅದು ಪಕ್ಷಿಧಾಮವಾಯಿತು, 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆ, ಆಯಿತು. ಮೂಲ ಪಕ್ಷಿಧಾಮದ ವಿಸ್ತೀರ್ಣ ಬರೀ 0.67 ಚದರ ಕಿ.ಮೀ.

ಈಗ ಲೆಕ್ಕ ಹಾಕಿ. ಅಷ್ಟು ಜಾಗದಲ್ಲಿ ಗೂಡು ಕಟ್ಟುವ ಸಾವಿರಾರು ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆ, ಕೆಂಬರಲು (ಐಬಿಸ್) ಹಕ್ಕಿಗಳಿಗೂ ಅವುಗಳ ಮರಿಗಳಿಗೂ ದಿನಾ ಬೇಕಾಗುವ ಮೀನು, ಕಪ್ಪೆ, ಗುಳ್ಳೆ ಅಲ್ಲೇ ಸಿಗಲು ಸಾಧ್ಯವೇ ಇಲ್ಲ. ಹಕ್ಕಿ ಮಲಗುವುದು, ಮರಿ ಮಾಡುವುದು ಪಕ್ಷಿಧಾಮದಲ್ಲಿ. ಉಣ್ಣುವುದು ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ, ಮೈಸೂರು ಸುತ್ತಲಿನ ಗದ್ದೆ, ಕೆರೆ, ನಾಲೆಗಳಲ್ಲಿ. ನಡುಗಡ್ಡೆಯ ಒಂದು ಮರವನ್ನೂ ಮುಟ್ಟದೆ, ಸುತ್ತಲಿನ ಕೆರೆಗಳನ್ನು ಹಾಳುಮಾಡಿದರೂ ಆ ಗೂಡುಗಳು ಖಾಲಿಯಾಗುತ್ತವೆ.

ಯಾವ ತಿಂಗಳಲ್ಲಿ ಏನು ಕಾಣುತ್ತದೆ?

ಗೂಡಿನ ಕಾಲ ಮುಖ್ಯವಾಗಿ ಡಿಸೆಂಬರ್‌ನಿಂದ ಜೂನ್. ಕೆಲವು ಜಾತಿಗಳದ್ದು ಆಗಸ್ಟ್‌ವರೆಗೂ ಎಳೆಯುತ್ತದೆ. ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆ (ಪೆಲಿಕನ್) ಮೊದಲು ಬರುವವು. ಚಳಿಗಾಲದ ವಲಸೆ ಹಕ್ಕಿಗಳು, ಅಂದರೆ ಸೂಜಿಬಾಲದ ಬಾತು, ಗದ್ದೆಯ ಗೊರವಗಳು, ಸಿಪಿಲೆಗಳು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇಳಿದು ಮಾರ್ಚ್-ಏಪ್ರಿಲ್ ಹೊತ್ತಿಗೆ ಹೊರಡುತ್ತವೆ. ಮುಂಗಾರಿನಲ್ಲಿ ಕನ್ನಂಬಾಡಿಯಿಂದ ಹೆಚ್ಚು ನೀರು ಬಿಟ್ಟಾಗ ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುತ್ತಾರೆ. ಹೊರಡುವ ಮೊದಲು ವಿಚಾರಿಸಿಕೊಳ್ಳಿ.

ಬೆಳ್ಳಗೆ, ಉದ್ದ ಕಾಲಿರುವುದೆಲ್ಲ ಕೊಕ್ಕರೆಯೇ?

ಊರಲ್ಲಿ ಹಾಗೆ ಕರೆಯುವುದು ರೂಢಿ, ತಪ್ಪೇನೂ ಅಲ್ಲ. ಆದರೆ ಎಣಿಕೆಗೆ ಇಳಿದಾಗ ಕೊಕ್ಕು ನೋಡಿ. ಬಣ್ಣಕ್ಕಿಂತ ಕೊಕ್ಕು ಹೆಚ್ಚು ಹೇಳುತ್ತದೆ.

ಬಣ್ಣದ ಕೊಕ್ಕರೆಯದ್ದು ಹಳದಿ ಕೊಕ್ಕು, ತುದಿ ತುಸು ಬಾಗಿರುತ್ತದೆ. ಬಾಲದ ಬಳಿ ಗುಲಾಬಿ ಗರಿ. ಚಮಚಕೊಕ್ಕಿನ ಹಕ್ಕಿ ಬಾಯಿ ಅರೆ ತೆರೆದು, ತಲೆಯನ್ನು ಎಡಕ್ಕೂ ಬಲಕ್ಕೂ ಬೀಸುತ್ತಾ ಕೆಸರುನೀರಿನಲ್ಲಿ ನಡೆಯುತ್ತದೆ, ಕುಡುಗೋಲಿನಿಂದ ಹುಲ್ಲು ಕೊಯ್ದ ಹಾಗೆ. ಕೆಂಬರಲಿನ ತಲೆ, ಕತ್ತು ಬೋಳು, ಕಪ್ಪು. ಕೊಕ್ಕು ಕುಡುಗೋಲಿನಂತೆ ಕೆಳಕ್ಕೆ ಬಾಗಿದೆ. ಹಾವಕ್ಕಿ ಈಜುವಾಗ ಕತ್ತು ಮಾತ್ರ ನೀರಿನ ಮೇಲೆ. ಗರಿ ಬೇಗ ತೋಯುವುದರಿಂದ ಆಮೇಲೆ ರೆಕ್ಕೆ ಹರಡಿಕೊಂಡು ಒಣಗಿಸುತ್ತಾ ಕೂರುತ್ತದೆ.

ಬಾಯ್ಕಳಕ ಎಂಬ ಕೊಕ್ಕರೆಯ (ಓಪನ್‌ಬಿಲ್) ಕೊಕ್ಕನ್ನು ದುರ್ಬೀನಿನಲ್ಲಿ ಒಮ್ಮೆ ನಿಧಾನವಾಗಿ ನೋಡಲೇಬೇಕು. ಮುಚ್ಚಿದರೂ ನಡುವೆ ಸಂದು ಉಳಿದಿರುತ್ತದೆ, ಅದರಾಚೆಯ ಬೆಳಕು ಕಾಣುತ್ತದೆ. ಮರಿಗೆ ಈ ಸಂದು ಇಲ್ಲ, ಬೆಳೆಯುತ್ತಾ ಬರುತ್ತದೆ. ಹಾಗಾಗಿ ಸಂದಿಲ್ಲದ ಬೂದು ಹಕ್ಕಿಯನ್ನು ಬೇರೆ ಜಾತಿ ಎಂದು ಬರೆದುಕೊಳ್ಳಬೇಡಿ. ಗುಳ್ಳೆಯನ್ನು ಅದು ಒಡೆಯುವುದೂ ಇಲ್ಲ. ಕೆಳಕೊಕ್ಕಿನ ತುದಿಯನ್ನು ಗುಳ್ಳೆಯ ಬಾಯಿಯಿಂದ ಒಳತೂರಿಸಿ, ಮಾಂಸ ಹಿಡಿದಿರುವ ಸ್ನಾಯುವನ್ನು ಕತ್ತರಿಸಿ ಎಳೆಯುತ್ತದೆ. ಗದ್ದೆಯ ಬದುವಿನಲ್ಲಿ ಚಿಪ್ಪು ಒಡೆಯದ, ಒಳಗೇನೂ ಇಲ್ಲದ ಗುಳ್ಳೆಗಳು ರಾಶಿ ಬಿದ್ದಿದ್ದರೆ ಅದು ಇದರ ಕೆಲಸವಿದ್ದೀತು.

ಹೊಳೆಯ ರೀವದ (ರಿವರ್ ಟರ್ನ್) ಬಗ್ಗೆ ಅಷ್ಟೊಂದು ಆತಂಕ ಏಕೆ? ಹಾರುತ್ತಲೇ ಇರುತ್ತದಲ್ಲ?

ಹಾರುವುದು ಕಾಣುತ್ತದೆ, ಮೊಟ್ಟೆ ಕಾಣುವುದಿಲ್ಲ. ದಪ್ಪ ಹಳದಿ ಕೊಕ್ಕು, ಕರಿ ಟೋಪಿ, ಕೆಂಪು ಕಾಲಿನ ಈ ಹಕ್ಕಿ ಮರದಲ್ಲಿ ಗೂಡು ಕಟ್ಟುವುದಿಲ್ಲ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಮೇಲೇಳುವ ಬಂಡೆ, ಮರಳ ದಿಬ್ಬದ ಮೇಲೆ ಸಣ್ಣ ಗುಳಿ ಮಾಡಿ ಎರಡು-ಮೂರು ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣ ಮರಳಿನದೇ, ಮೇಲೆ ಕಂದು ಮಚ್ಚೆ. ಕಾಲಡಿ ಇದ್ದರೂ ತಿಳಿಯದು. ಮರಿ ಹೊರಬರಲು ಸುಮಾರು ಮೂರು ವಾರ, ಅದು ಹಾರಲು ಇನ್ನೂ ಕೆಲವು ವಾರ ಬೇಕು. ಅಷ್ಟು ದಿನ ಆ ದಿಬ್ಬ ಒಣಗಿಯೇ ಇರಬೇಕು, ಸುತ್ತ ನೀರೂ ಇರಬೇಕು. ತೊಡಕಿರುವುದು ಇಲ್ಲೇ.

ಮೇಲಿನ ಅಣೆಕಟ್ಟೆಯಿಂದ ಒಮ್ಮೆಲೇ ನೀರು ಬಿಟ್ಟರೆ ಒಂದೇ ರಾತ್ರಿಯಲ್ಲಿ ಮೊಟ್ಟೆಗಳೆಲ್ಲ ತೇಲಿಹೋಗುತ್ತವೆ. ನೀರು ಪೂರಾ ನಿಲ್ಲಿಸಿದರೆ ದಿಬ್ಬ ದಡಕ್ಕೆ ಸೇರಿಕೊಂಡು ನಾಯಿ, ದನ, ಮನುಷ್ಯರು ನಡೆದು ಹೋಗುತ್ತಾರೆ. ಮರಳು ತೆಗೆದರಂತೂ ಮೊಟ್ಟೆಯಿಡಲು ಜಾಗವೇ ಇಲ್ಲ. ಇನ್ನೊಂದು, ನೋಡಲು ಹೋದವರು ಮಾಡುವ ತಪ್ಪು: ನಡುಹಗಲಿನಲ್ಲಿ ದಿಬ್ಬದ ಹತ್ತಿರ ನಿಂತರೆ ತಾಯಿ ಏಳುತ್ತದೆ, ಬಿಸಿಲಿಗೆ ಕಾದ ಮರಳಿನಲ್ಲಿ ಮೊಟ್ಟೆ ಸ್ವಲ್ಪ ಹೊತ್ತಿನಲ್ಲೇ ಬೆಂದುಹೋಗುತ್ತದೆ. ತಾಯಿ ಹೊಟ್ಟೆಗರಿಯನ್ನು ನೀರಿನಲ್ಲಿ ಅದ್ದಿಕೊಂಡು ಬಂದು ಮೊಟ್ಟೆ ತಂಪು ಮಾಡುವುದು ಇದೇ ಕಾರಣಕ್ಕೆ. ಜಗತ್ತಿನ ಮಟ್ಟದಲ್ಲಿಯೂ ಈ ಹಕ್ಕಿಯನ್ನು ಅಪಾಯಕ್ಕೆ ಸಿಲುಕಿದ ಜಾತಿಗಳ ಪಟ್ಟಿಗೆ ಸೇರಿಸಲಾಗಿದೆ.

ಪರಿಹಾರ ಕಷ್ಟದ್ದಲ್ಲ. ಮಾರ್ಚ್‌ನಿಂದ ಮೇವರೆಗೆ ನೀರನ್ನು ಗೇಟು ಎತ್ತಿ ಒಮ್ಮೆಲೇ ನುಗ್ಗಿಸದೆ ಹಂತ ಹಂತವಾಗಿ ಬಿಡುವುದು, ಬಿಡುವ ಮುನ್ನ ಅರಣ್ಯ ಇಲಾಖೆಗೆ ತಿಳಿಸುವುದು, ಗೂಡಿರುವ ದಿಬ್ಬಗಳ ಸುತ್ತ ಮೀನುಗಾರಿಕೆ ಮತ್ತು ತೆಪ್ಪ ನಿಲ್ಲಿಸುವುದು. ರೈತನ ನಾಲೆಗೆ ಒಂದು ಹನಿಯೂ ಕಡಿಮೆಯಾಗದೆ ಇದು ಆಗುತ್ತದೆ. ಬೇಕಾಗಿರುವುದು ನೀರಾವರಿಯವರಿಗೂ ಅರಣ್ಯದವರಿಗೂ ನಡುವೆ ಒಂದು ಫೋನ್ ಕರೆ.

ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳು ಊರೊಳಗೇ ಇರುವುದು ಹೇಗೆ?

ಮದ್ದೂರು ತಾಲ್ಲೂಕಿನ ಈ ಊರು ಶಿಂಷಾ ಹೊಳೆಗೆ ಹತ್ತಿರ. ಮನೆಗಳ ನಡುವಿನ ಹುಣಸೆ, ಅರಳಿ, ಆಲದ ಮರಗಳ ಮೇಲೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಊರವರು ಅವನ್ನು ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ನೋಡಿಕೊಂಡು ಬಂದಿದ್ದಾರೆ. ಮರದಡಿ ಬೀಳುವ ಹಿಕ್ಕೆಯನ್ನು ಮಣ್ಣಿನೊಂದಿಗೆ ಬೆರೆಸಿ ಗೊಬ್ಬರ ಮಾಡುವುದು ಹಳೆಯ ಪದ್ಧತಿ. ಸಾರಜನಕ, ರಂಜಕ ಎರಡೂ ಅದರಲ್ಲಿ ಧಾರಾಳ. ಆದರೆ ಹಸಿಯಾಗಿ ಗಿಡದ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ, ಕೊಳೆಸಿಯೇ ಹಾಕಬೇಕು.

ಸಂಬಂಧ ಎಷ್ಟೇ ಹಳೆಯದಿದ್ದರೂ ಮನೆಯ ಖರ್ಚು ನಡೆಯಬೇಕಲ್ಲ. ಗೂಡಿರುವ ಹುಣಸೆ ಮರದ ಹಣ್ಣು ಬಡಿಯುವಂತಿಲ್ಲ, ಅದು ನಷ್ಟ. ಅದಕ್ಕೇ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುವ ವ್ಯವಸ್ಥೆ ಮಾಡಿತು. ಈ ಹಣ ಹೊತ್ತಿಗೆ ಸರಿಯಾಗಿ, ಹುಣಸೆಯ ಮಾರುಕಟ್ಟೆ ದರಕ್ಕೆ ಹತ್ತಿರವಾಗಿ ಸಿಗುವುದು ಸಂರಕ್ಷಣೆಯ ಬೇರು ಎಂದೇ ನಾವು ನಂಬುತ್ತೇವೆ. ಊರಿನ ಹೆಜ್ಜಾರ್ಲೆ ಬಳಗದ ಯುವಕರು ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸ ಮಾಡಿಕೊಂಡು ಬಂದರು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು.

2017ರ ಡಿಸೆಂಬರ್‌ನಿಂದ ಕೆಲವು ತಿಂಗಳಲ್ಲಿ ಅಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಮರಣೋತ್ತರ ಪರೀಕ್ಷೆಯಲ್ಲಿ ಹೊಟ್ಟೆಯೊಳಗೆ ದುಂಡುಹುಳುಗಳು ಕಂಡುಬಂದವು. ಇಂಥ ಹುಳು ಮೀನಿನ ಮೂಲಕ ಹಕ್ಕಿಯ ಹೊಟ್ಟೆ ಸೇರುತ್ತದೆ. ಊರಿನ ಮರ, ಊರಿನ ಜನ ಎಷ್ಟೇ ಕಾಳಜಿ ಮಾಡಿದರೂ ಹಕ್ಕಿ ಮೀನು ಹಿಡಿಯುವ ಕೆರೆಗಳು ಚೆನ್ನಾಗಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಗೂಡಿನಿಂದ ಮರಿ ಬಿದ್ದಿದೆ. ಏನು ಮಾಡಲಿ?

ಮೊದಲು ನಾಯಿಗಳನ್ನು ದೂರವಿಡಿ. ಬೆಳ್ಳಕ್ಕಿ, ಕೊಕ್ಕರೆ, ಬಕಗಳು ಹೆದರಿದಾಗ ನೇರ ಕಣ್ಣಿಗೇ ಕುಕ್ಕುತ್ತವೆ. ಮುಖ ಹತ್ತಿರ ತರಬೇಡಿ. ದಪ್ಪ ಟವೆಲ್ ಮೈಮೇಲೆ ಹೊದಿಸಿ, ಒಂದು ಕೈಯಲ್ಲಿ ತಲೆಯ ಹಿಂಬದಿ, ಇನ್ನೊಂದರಲ್ಲಿ ರೆಕ್ಕೆ ಮಡಿಸಿ ಎತ್ತಿ.

ಹೆಜ್ಜಾರ್ಲೆ ಮರಿಯಾದರೆ ಒಂದು ಎಚ್ಚರ. ಕೊಕ್ಕನ್ನು ಬಿಗಿಯಾಗಿ ಹಿಡಿಯಬಾರದು, ಟೇಪು-ದಾರ ಸುತ್ತಲೇಬಾರದು. ಬೇರೆ ಹಕ್ಕಿಗಳಂತೆ ಅದಕ್ಕೆ ತೆರೆದ ಮೂಗಿನ ಹೊಳ್ಳೆಗಳಿಲ್ಲ, ಉಸಿರಾಟ ಬಾಯಿಯಿಂದಲೇ. ಎರಡು ಕೊಕ್ಕಿನ ನಡುವೆ ಒಂದು ಬೆರಳು ಇಟ್ಟೇ ಹಿಡಿಯಿರಿ.

ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ನೆರಳಲ್ಲಿ, ಗದ್ದಲವಿಲ್ಲದ ಕಡೆ ಇಡಿ. ಹಾಲು, ಅನ್ನ, ಬ್ರೆಡ್ಡು ಬೇಡ. ಬಾಯಿಗೆ ನೀರು ಹುಯ್ಯಬೇಡಿ. ಅದು ಶ್ವಾಸನಾಳಕ್ಕೆ ಇಳಿದು ಸತ್ತ ಮರಿಗಳೇ ಹೆಚ್ಚು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಜಾಗ ಸರಿಯಾಗಿ ಹೇಳಿ. ಗುಬ್ಬಿ, ಪಿಕಳಾರದಂಥ ಸಣ್ಣ ಹಕ್ಕಿಯ ಮರಿ ಗಾಯವಿಲ್ಲದೆ ಬಿದ್ದಿದ್ದರೆ ಗೂಡಿಗೇ ಮರಳಿ ಇಡಿ. ಮನುಷ್ಯ ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಎನ್ನುವುದು ಸುಳ್ಳು.

ನಮ್ಮೂರ ಕೆರೆಯ ಹೂಳೆತ್ತುತ್ತಿದ್ದೇವೆ. ಹಕ್ಕಿಗಳಿಗೆ ಒಳ್ಳೆಯದಲ್ಲವೇ?

ಎತ್ತುವ ರೀತಿಯ ಮೇಲೆ ನಿಂತಿದೆ. ಈಗ ಹೆಚ್ಚಿನ ಕಡೆ ಮಾಡುವುದು ಹೀಗೆ: ಜೆಸಿಬಿ ಇಳಿಸಿ, ಸುತ್ತಲೂ ಒಂದೇ ಆಳಕ್ಕೆ ತೋಡಿ, ಅದೇ ಮಣ್ಣಿನಲ್ಲಿ ಸುತ್ತ ಏರಿ ಹಾಕಿ, ಮೇಲೆ ನಡೆಯಲು ದಾರಿ. ಹೊರಗಿನಿಂದ ನೋಡಲು ಚೊಕ್ಕಟ. ಹಕ್ಕಿಗೆ ಅದು ಬಾವಿ ಇದ್ದಂತೆ. ನಡೆದು ಮೇಯುವ ಗೊರವ, ಟಿಟ್ಟಿಭಗಳಿಗೆ ಬೇಕಾದದ್ದು ಅಂಗೈ ಆಳದ ನೀರು ಮತ್ತು ಕೆಸರು. ಕೊಕ್ಕರೆಗೆ ಮೊಣಕಾಲುದ್ದ. ಬಾತುಗಳಲ್ಲಿ ಬಹುಪಾಲು ತಲೆ ಮುಳುಗಿಸಿ ತಳ ಮುಟ್ಟುವಂತಿದ್ದರೆ ಮಾತ್ರ ಮೇಯುತ್ತವೆ. ಎರಡಾಳು ಆಳದ ನೀರಿನಲ್ಲಿ ಉಳಿಯುವುದು ನೀರುಕಾಗೆಯಂಥ ಮುಳುಗುವ ಹಕ್ಕಿಗಳು ಮಾತ್ರ.

ಹೀಗೆ ಮಾಡಿ. ಆಳ ಬೇಕಿದ್ದರೆ ತೂಬಿನ ಕಡೆ, ಏರಿಯ ಹತ್ತಿರದ ಭಾಗದಲ್ಲಿ ತೋಡಿ. ಆದರೆ ಏರಿಯ ಬುಡಕ್ಕೆ ತಾಗಿಸಬೇಡಿ, ಏರಿ ಕುಸಿಯುತ್ತದೆ. ನೀರು ಒಳಬರುವ ಹಿಂಬದಿಯನ್ನು ಮುಟ್ಟಲೇಬೇಡಿ. ಅಲ್ಲಿನ ಇಳಿಜಾರು ಹತ್ತು ಹೆಜ್ಜೆ ನಡೆದರೆ ಒಂದು ಅಡಿ ಇಳಿಯುವಷ್ಟು ನಿಧಾನವಾಗಿರಲಿ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆ ದಿನವೂ ಹೊಸ ಕೆಸರು ತೆರೆದುಕೊಳ್ಳುತ್ತದೆ, ಅದೇ ಹಕ್ಕಿಗಳ ಊಟದ ಪಂಕ್ತಿ. ನಡುಗಡ್ಡೆ ಮಾಡುವುದಾದರೆ ಅಂಚು ಕಡಿದಾಗಿ ಬಿಡಬೇಡಿ, ಮೊದಲ ಮಳೆಗೇ ಕೊಚ್ಚಿಹೋಗುತ್ತದೆ. ಕರಿಜಾಲಿ ನೆಡಿ; ಮುಳ್ಳಿನಿಂದಾಗಿ ಬೆಕ್ಕು, ಕೋತಿ ಹತ್ತುವುದು ಕಡಿಮೆ, ನೀರಲ್ಲಿ ನಿಂತರೂ ಬದುಕುತ್ತದೆ. ನೀಲಗಿರಿ ಬೇಡ. ಕಮಲ, ಆಪು, ಜೊಂಡು ಕಳೆಯೆಂದು ಪೂರಾ ಕಿತ್ತರೆ ದೇವನಕ್ಕಿ, ಜೌಗುಕೋಳಿಗಳಿಗೆ ಗೂಡಿನ ನೆಲೆ ಹೋಗುತ್ತದೆ. ಮೂರರಲ್ಲೊಂದು ಪಾಲಾದರೂ ಉಳಿಸಿ. ಅಂತರಗಂಗೆಯಂತೆ ನೀರು ಮುಚ್ಚಿಬಿಡುವ ತೇಲುಕಳೆಯನ್ನು ಮಾತ್ರ ತೆಗೆಯಿರಿ. ತೆಗೆದದ್ದನ್ನು ದಡದಲ್ಲೇ ಗುಡ್ಡೆ ಹಾಕಬೇಡಿ, ಮಳೆಗೆ ಮತ್ತೆ ಒಳಗೇ ಜಾರುತ್ತದೆ.

ಗದ್ದೆಗೆ ಔಷಧ ಹೊಡೆಯದೆ ಬೆಳೆ ಬರುವುದಿಲ್ಲ. ಹಕ್ಕಿಗೆ ತೊಂದರೆಯಾಗದಂತೆ ಏನು ಮಾಡಬಹುದು?

ಹರಳು ರೂಪದ ವಿಷ, ಮುಖ್ಯವಾಗಿ ಕಾರ್ಬೋಫ್ಯೂರಾನ್, ಎಲ್ಲಕ್ಕಿಂತ ಅಪಾಯ. ಹಕ್ಕಿ ಅದನ್ನು ಕಾಳೆಂದು ಹೆಕ್ಕುತ್ತದೆ, ಅಥವಾ ಅದನ್ನು ತಿಂದ ಹುಳು, ಮೀನನ್ನು ತಿಂದು ಸಾಯುತ್ತದೆ. ಯಾವ ಔಷಧ ಹಾಕಿದರೂ ನಾಲ್ಕೈದು ದಿನ ಗದ್ದೆಯ ನೀರನ್ನು ನಾಲೆಗೆ ಹರಿಬಿಡಬೇಡಿ. ಪಂಪು, ಡಬ್ಬಿಯನ್ನು ಕೆರೆಯಲ್ಲಿ ತೊಳೆಯಬೇಡಿ. ಬದುವಿನ ಹುಲ್ಲಿಗೆ ಕಳೆನಾಶಕ ಹಾಕದೆ ಕುಡುಗೋಲಿನಲ್ಲೇ ಕೊಯ್ದರೆ ಕಪ್ಪೆ, ಜೇಡಗಳು ಉಳಿಯುತ್ತವೆ. ಅವೂ ಕೀಟ ತಿನ್ನುವವೇ.

ಪಟ್ಟೆತಲೆ ಹೆಬ್ಬಾತುಗಳು ಬೆಳೆ ಮೇಯುತ್ತವೆ. ಓಡಿಸಬಹುದೇ?

ಹೊಲದಿಂದ ಓಡಿಸಿ, ಕೆರೆಯಿಂದ ಬೇಡ. ಹಿಮಾಲಯ ದಾಟಿ ನಂಜನಗೂಡು ಬಳಿಯ ಹದಿನಾರು ಕೆರೆಯಂಥ ಕಡೆ ಚಳಿಗಾಲ ಕಳೆಯುವ ಇವು ಹಗಲು ನೀರಿನಲ್ಲಿ ವಿಶ್ರಮಿಸಿ, ಮುಸ್ಸಂಜೆ ಮತ್ತು ನಸುಕಿನಲ್ಲಿ ಮೇಯುತ್ತವೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿದ ಹಕ್ಕಿಗಳೂ ಇಲ್ಲಿ ಕಂಡಿವೆ. ಹಗಲಲ್ಲಿ ಕೆರೆಯಿಂದ ಎಬ್ಬಿಸಿದಷ್ಟೂ ಶಕ್ತಿ ಕಳೆದುಕೊಂಡು ಇನ್ನೂ ಹೆಚ್ಚು ಮೇಯುತ್ತವೆ, ನಷ್ಟ ನಿಮಗೇ.

ರಣಹದ್ದುಗಳಿಗೂ ಹೊಳೆಗೂ ಏನು ಸಂಬಂಧ?

ರಾಮನಗರದ ರಾಮದೇವರ ಬೆಟ್ಟ ಅರ್ಕಾವತಿಯ ನೆಲ, ಅಂದರೆ ಕಾವೇರಿ ಕೊಳ್ಳವೇ. ಬಂಡೆಯಲ್ಲಿ ಗೂಡು ಮಾಡುವ ಉದ್ದಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ಅಲ್ಲಿ ರಣಹದ್ದುಧಾಮ ಘೋಷಣೆಯಾಯಿತು. ಕಬಿನಿ ಸುತ್ತಿನ ನಾಗರಹೊಳೆ, ಬಂಡೀಪುರ ಕಾಡುಗಳಲ್ಲೂ ರಣಹದ್ದುಗಳಿವೆ.

ದನಕ್ಕೆ ನೋವು ಕಡಿಮೆಯಾಗಲು ಕೊಟ್ಟ ಡೈಕ್ಲೋಫೆನಾಕ್, ಸತ್ತ ದನದ ಮಾಂಸದ ಮೂಲಕ ಹದ್ದಿನ ಮೂತ್ರಪಿಂಡ ಕೆಡಿಸುತ್ತದೆ. ಪಶುವೈದ್ಯಕ್ಕೆ ಅದನ್ನು 2006ರಲ್ಲೂ, ಅಸಿಕ್ಲೋಫೆನಾಕ್ ಮತ್ತು ಕೀಟೋಪ್ರೊಫೆನ್‌ಗಳನ್ನು 2023ರಲ್ಲೂ ನಿಷೇಧಿಸಲಾಯಿತು. ಮನುಷ್ಯರ ಔಷಧಿಯನ್ನು ದನಕ್ಕೆ ಚುಚ್ಚುವುದರಿಂದ ತೊಂದರೆ ಮುಂದುವರಿಯುತ್ತದೆ. ಡಾಕ್ಟರನ್ನು ಮೆಲಾಕ್ಸಿಕಾಮ್ ಕೇಳಿ. ಅದು ಹದ್ದಿಗೆ ಹಾನಿ ಮಾಡದು. ಯಾವ ಔಷಧ ಕೊಟ್ಟಿದ್ದಾರೆಂದು ಗೊತ್ತಿಲ್ಲದ ದನ ಸತ್ತರೆ ಆಳವಾಗಿ ಹೂತುಬಿಡಿ.

ಎಣಿಕೆಗೆ ಸೇರಬೇಕು. ಏನೇನು ಬೇಕು?

ಏಷ್ಯಾ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. 8×42 (ಎಂಟು ಪಟ್ಟು ಹಿಗ್ಗಿಸಿ ತೋರಿಸುವ, 42 ಮಿ.ಮೀ. ಮಸೂರದ) ದುರ್ಬೀನು, ನೋಟ್‌ಬುಕ್ಕು, ಪೆನ್ಸಿಲ್ ಸಾಕು. ಪೆನ್ನಿನ ಶಾಯಿ ಮಂಜಿಗೆ ಹರಡುತ್ತದೆ.

ಬೆಳಗ್ಗೆ ಆರೂವರೆಯಿಂದ ಒಂಬತ್ತರೊಳಗೆ ಮುಗಿಸಿ. ಸೂರ್ಯ ಬೆನ್ನ ಹಿಂದಿರುವ ದಡದಲ್ಲಿ ನಿಲ್ಲಿ. ಎದುರು ಬೆಳಕಿದ್ದರೆ ಎಲ್ಲ ಬಾತೂ ಕಪ್ಪೇ. ಒಬ್ಬರು ನೋಡಿ ಹೇಳಲಿ, ಇನ್ನೊಬ್ಬರು ಬರೆಯಲಿ. ದೊಡ್ಡ ಹಿಂಡಾದರೆ ಹತ್ತು ಹಕ್ಕಿ ಒಂದೊಂದಾಗಿ ಎಣಿಸಿ, ಅವು ಹಿಡಿದ ಜಾಗವನ್ನು ಕಣ್ಣಲ್ಲಿ ಅಳತೆಗೋಲು ಮಾಡಿಕೊಂಡು ಉಳಿದ ಹಿಂಡಿನ ಮೇಲೆ ಸರಿಸುತ್ತಾ ಹೋಗಿ. ಹಿಂಡಿನ ನಡುವೆ ಹಕ್ಕಿಗಳು ಒತ್ತಾಗಿಯೂ ಅಂಚಿನಲ್ಲಿ ಬಿಡಿಯಾಗಿಯೂ ಇರುತ್ತವೆ, ಅಂಚಿನ ಅಳತೆ ಇಟ್ಟರೆ ಲೆಕ್ಕ ಕಡಿಮೆ ಬರುತ್ತದೆ. ಎದ್ದು ಹಾರಿ ಮತ್ತೆ ಇಳಿದವನ್ನು ಎರಡು ಸಲ ಸೇರಿಸುವುದು ಸಾಮಾನ್ಯ ತಪ್ಪು. ಗುರುತು ಸಿಗದಿದ್ದರೆ ‘ಬಾತು, ಜಾತಿ ತಿಳಿಯದು’ ಎಂದೇ ಬರೆಯಿರಿ. ಊಹೆಯ ಹೆಸರಿಗಿಂತ ಅದು ನೂರು ಪಾಲು ಮೇಲು. ಹಕ್ಕಿ ಸಿಗದ ಕೆರೆಯ ಸೊನ್ನೆಯನ್ನೂ ದಾಖಲಿಸಿ. ಮುಂದಿನ ವರ್ಷಗಳಿಗೆ ಹೋಲಿಸಲು ಅದೇ ಆಧಾರ.

ನಮ್ಮ ಹಿತ್ತಲಿನ ಮರದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿವೆ, ವಾಸನೆ ತಡೆಯಲಾಗುತ್ತಿಲ್ಲ. ಕೊಂಬೆ ಕಡಿಸಬಹುದೇ?

ಮೊಟ್ಟೆ, ಮರಿ ಇರುವಾಗ ಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊಟ್ಟೆ, ಗೂಡು ಹಾಳುಮಾಡುವುದನ್ನೂ ಬೇಟೆಯೆಂದೇ ಪರಿಗಣಿಸುತ್ತದೆ. ಮರ ಕಡಿಯಲು ಬೇರೆಯೇ ಅನುಮತಿ ಬೇಕು.

ವಾಸನೆ ಹೆಚ್ಚುವುದು ಹಿಕ್ಕೆ ಮತ್ತು ಬಿದ್ದ ಮೀನು ಒದ್ದೆಯಾಗಿ ಕೊಳೆತಾಗ. ಮರದಡಿ ನಾಲ್ಕು ಬೆರಳು ದಪ್ಪ ಒಣ ಎಲೆ ಅಥವಾ ಭತ್ತದ ಹೊಟ್ಟು ಹರಡಿ, ವಾರಕ್ಕೊಮ್ಮೆ ಗುಡಿಸಿ ತಿಪ್ಪೆಗೆ ಹಾಕಿ, ಹೊಸದು ಹರಡಿ. ಹೊಟ್ಟು ತೇವ ಹೀರುತ್ತದೆ, ನೊಣವೂ ಕಡಿಮೆ. ನೀರು ಹಾಕಿ ತೊಳೆಯಬೇಡಿ, ವಾಸನೆ ಇಮ್ಮಡಿಯಾಗುತ್ತದೆ. ಬಾವಿ, ತೊಟ್ಟಿಗೆ ಮುಚ್ಚಳ ಹಾಕಿ. ಮನೆಯ ಮೇಲೆ ಬಾಗಿದ ಕೊಂಬೆ ಸವರಲೇಬೇಕಿದ್ದರೆ ಕೊನೆಯ ಮರಿ ಹಾರಿದ ಮೇಲೆ, ಸೆಪ್ಟೆಂಬರ್‌ನಿಂದ ನವೆಂಬರ್ ನಡುವೆ, ಗೂಡು ಖಾಲಿಯೆಂದು ಎರಡು ದಿನ ನೋಡಿ ಖಚಿತ ಮಾಡಿಕೊಂಡು, ಅಷ್ಟನ್ನು ಮಾತ್ರ ಸವರಿಸಿ. ನಡುವಿನ ನೆತ್ತಿಯನ್ನು ಬಿಟ್ಟರೆ ಮುಂದಿನ ವರ್ಷ ಅವು ಅಲ್ಲಿಗೇ ಸರಿದು ಕಟ್ಟಿಕೊಳ್ಳುತ್ತವೆ.